ನಲವತ್ತೆಂಟು

ಇದು ನಡೆದದ್ದು ನಿಜ, ಸುಳ್ಳಾದರೆ ಉಗುರಿನ ಸಂದಿಯ ಈ ನೀಲಿ ಬಣ್ಣ ಸುಡುಗಾಡಿಗೂ ನನ್ನ ಜೊತೆಗೇ ಬರಲಿ — ನೀಲಿ, ಖಾಲಿ ಚೀಲದ ಮೇಲೆ ಇನ್ನೂ ಹಸಿ, ಜೇವರ್ಗಿಯ ದಾಲ್ ಮಿಲ್ಲಿನಲ್ಲಿ ಇಪ್ಪತ್ತು ವರ್ಷದಿಂದ ಇದೇ ಬಣ್ಣ, ಇದೇ ಕುಂಚ, ಅಕ್ಷರ ಬಾರದು, ಅಂಕಿ ಬರುತ್ತವೆ, ಇವತ್ತು ಮುಂಜಾನೆ ಅಂಕಿಯೇ ಸಾಕಾಯಿತಲ್ಲ, ಇಮಾಮಸಾಬ ಚೀಲ ಹೊಲಿದು ಮುಗಿಸಿ ಚಹಾಕ್ಕೆ ಬರಲಿ, ಹೇಳುತ್ತೇನೆ, ಹೀಗೆ ಶುರು ಮಾಡುತ್ತೇನೆ: ಸೊಸೆ ಮಧುಮತಿ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು, ಹತ್ತಕ್ಕೆ ತೊಗರಿ ಖರೀದಿ ಶುರು, ಯಾರು ಎಷ್ಟು ಹೊತ್ತಿಗೆ ಬರಬೇಕೆಂಬ ಟೋಕನ್ ಫೋನಿಗೆ ಹೋಗಬೇಕು, ಅವಳು ಮಾಡಿದ ಆಪ್ ಎಲ್ಲ ರೈತರಿಗೂ ಒಂದೇ ಹೊತ್ತು ಕೊಡುತ್ತಿತ್ತು, ಮಟಕಿಯವರಿಗೂ ಹತ್ತು, ಗೊಬ್ಬೂರದವರಿಗೂ ಹತ್ತು — ತಿದ್ದೇನಿ ಮಾಮಾ, ಎರಡು ಸಲ ತಿದ್ದೇನಿ, ಅಲ್ಲಿ ಹಳೇದೇ ಓಡಾಕತ್ತದ, ಇವತ್ತ ಸರಿ ಆಗಲಿಲ್ಲಂದ್ರ ಕೆಲಸಾ ಬಿಡಸ್ತಾರ. ಎಲ್ಲಿ ಓಡಾಕತ್ತದವ್ವ? ಮುಂಬೈದಾಗ, ದೊಡ್ಡ ಕಂಪ್ಯೂಟರಿನ್ಯಾಗ. ಹೆಂಗ ಕಳಸ್ತಿ? ಕಂಟೇನರಿನ್ಯಾಗ ತುಂಬಿ, ಚೀಲ ಇದ್ದಂಗ ತಿಳ್ಕೋರಿ. ಚೀಲ ಅಂದಳು, ನನ್ನ ಕಿವಿ ನೆಟ್ಟಗಾದವು. ಚೀಲದ ಮ್ಯಾಲ ಏನ್ ಬರದಿ? ಹೊಸದು ಅಂತ. ಮೊದಲಿನ ಚೀಲದ ಮ್ಯಾಲ? ಅದರ ಮ್ಯಾಲೂ ಹೊಸದು ಅಂತ.

ಹನ್ನೊಂದು ವರ್ಷದ ಹಿಂದೆ ಇದೇ ಕೈ, ಎಲ್ಲ ಚೀಲಕ್ಕೂ ತಗಡಿನ ಅಚ್ಚಿಟ್ಟು ಹೊಸ ಮಾಲು ಎಂದು ಬಳಿದ ಕೈ, ಸೊಲ್ಲಾಪುರದ ವ್ಯಾಪಾರಿಗೆ ಹುಳ ಹಿಡಿದ ಹಳೆಯ ಬೇಳೆ ಹೋಯಿತು, ಆ ಹುಳಗಳೇ ಚೀಲ ಹೊತ್ತುಕೊಂಡು ಜೇವರ್ಗಿಗೆ ನಡೆದು ಬಂದವು, ಕಣ್ಣಾರೆ ಕಂಡಿದ್ದೇನೆ, ಅಂದಿನಿಂದ ಇಮಾಮಸಾಬನ ಬಾಯಲ್ಲಿ ನಾನು ಹೊಸಮಾಲ್ ಮಾಳಿಂಗ — ಆಮೇಲೆ ಮಿಲ್ಲಿನಲ್ಲಿ ಬೇಳೆ ಒಡೆಯುವವನೇ ಒಂದು ಸಲ ಒಡೆದ ಮಾಲಿಗೆ, ಅಂದರೆ ಒಂದು ಲಾಟಿಗೆ, ಒಂದು ನಂಬರು ಕೊಡುತ್ತಾನೆ, ಅದೇ ಚೀಲದ ಮೇಲೆ, ಅದೇ ಲಾರಿಯವನ ಚೀಟಿಯಲ್ಲಿ, ನಡುವೆ ಯಾರೂ ತಲೆ ಓಡಿಸುವಂತಿಲ್ಲ. ಯಾವ ಚೀಲ ಓಡಸಬೇಕು ಅಂತ ಮುಂಬೈಕ ಕೊಟ್ಟ ಚೀಟಿಯಾಗೂ ಹೊಸದು ಅಂತನ ಅದ ಏನು? ಹೌದ್ರಿ ಮಾಮಾ. ಹಂಗಾರ ಅದು ತನ್ನ ಹತ್ರ ಇದ್ದ ಹೊಸದನ್ನೇ ಹಿಡ್ಕೊಂಡು ಕುಂತದ, ಬ್ಯಾರೇ ಚೀಲ ಬಂದದ್ದು ಅದಕ ಹೆಂಗ ತಿಳೀಬೇಕು? ಮಧುಮತಿ ನನ್ನನ್ನೇ ನೋಡಿದಳು, ಬಿಲ್ಡ್ ನಂಬರ್ ಅಂದಳು ತನಗೆ ತಾನೇ, ಪ್ರತಿ ಸಲ ಕಟ್ಟಿದಾಗ ಮಷೀನೇ ಒಂದು ನಂಬರು ಕೊಡ್ತದ್ರಿ, ನಾ ಎಂದೂ ಬಳಸಿಲ್ಲ. ಈಗ ಎಷ್ಟನೇದು? ನಲವತ್ತೆಂಟು. ಅದನ್ನ ಚೀಲಕ್ಕೂ ಹಾಕು, ಚೀಟಿಗೂ ಹಾಕು, ಕೈಲೆ ಬರೀಬ್ಯಾಡ, ಮರೀತಿ, ಮಷೀನ್‌ಕೇ ಬರಿಯಾಕ ಹಚ್ಚು.

ಚೀಟಿಯಲ್ಲಿ ಹೊಸದು ಎಂದಿದ್ದ ಕಡೆ ಖಾಲಿ ಜಾಗ ಬಿಟ್ಟಳು, ಮಷೀನು ತಾನೇ ತುಂಬಿತು, ಪರದೆಯ ತುಂಬ ಗೋಜಲು ಅಕ್ಷರ, ನಡುವೆ ನನ್ನ ಗುರುತಿನದು ಒಂದೇ, 48, ಹತ್ತಕ್ಕೆ ಇನ್ನೂ ಐದು ನಿಮಿಷ, ಮುಂಬೈಯಲ್ಲಿ ಹಳೆಯ ಚೀಲ ಎತ್ತಿ ಒಗೆದ ಸದ್ದು ನಮ್ಮ ಪಡಸಾಲೆಗೆ ಕೇಳಿತು, ಮಟಕಿಗೆ ಹತ್ತು, ಗೊಬ್ಬೂರಕ್ಕೆ ಹನ್ನೊಂದೂವರೆ, ಆಳಂದದಿಂದ ಅಫಜಲಪುರದ ತನಕ ಫೋನುಗಳು ಒಮ್ಮೆಲೇ ಕುಂಯ್ ಅಂದವು, ಅವಳ ಸಾಹೇಬನೂ ಫೋನು ಹಚ್ಚಿದ, ಯಾರವ್ವ ಈ ದಾರಿ ತೋರಿಸಿದವರು, ನಮ್ಮ ಮಾಮಾರ್ರಿ ಸರ್, ದಾಲ್ ಮಿಲ್ಲಿನ್ಯಾಗ ಇದೇ ಕೆಲಸ ಮಾಡ್ತಾರ — ಇದೇ ಕೆಲಸ ಅಂದಳು, ನನ್ನೆದುರೇ ಅಂದಳು. ಇವತ್ತಿನ ಲಾಟಿನ ನಂಬರು ಹನ್ನೆರಡು, ಆದರೂ ಈ ಖಾಲಿ ಚೀಲ ನನ್ನದು, ನನಗಾಗಿ ಬರೆದದ್ದು, ಅಗೋ ಇಮಾಮಸಾಬ, ಕೈಯಲ್ಲಿ ಎರಡು ಚಹಾ, ಏನಲೇ ಹೊಸಮಾಲ್ ಅನ್ನುತ್ತಾನೆ, ಅನ್ನಲಿ, ಕೊನೆಯ ಸಲ, ಕತೆ ಕೇಳಿದವ ಪುಕ್ಕಟೆ ಹೋಗುವಂತಿಲ್ಲ, ಮುಗಿಸಿ ಹೇಳುತ್ತೇನೆ: ಕೇಳಿದಿಯಲ್ಲ, ಇನ್ನ ಮುಂದ ನಲವತ್ತೆಂಟು ಮಾಳಿಂಗ ಅನಬೇಕು, ಈಗ ಅನ್ನು, ಆಮ್ಯಾಲ ಚಹಾ ಕುಡಿ — ಚೀಲದ ಮೇಲೆ ನೀಲಿ, ಇನ್ನೂ ಹಸಿ, 48.