ಹದಿಮೂರು ಸಾವಿರ ಕೋಟುಗಳ ಠರಾವು

"ಕೈ ಆಡಸಲೇ ರಂಡೆ! ಒಂದು ತೋಳು ಕೂಡಸಾಕ ಎಷ್ಟು ಹೊತ್ತ ಬೇಕ ನಿನಗ?"

ಮಾಲಿಕ ಅಪ್ಪಾಸಾಹೇಬ ಎಸೆದ ಕೋಟು ಶಂಕ್ರವ್ವನ ಮುಖಕ್ಕೆ ಬಡಿಯಿತು. ತವರದ ಗುಂಡಿ ತಾಗಿ ಹುಬ್ಬು ಒಡೆಯಿತು. ರಕ್ತ ಬಟ್ಟೆಯ ಮೇಲೆ ಬೀಳದ ಹಾಗೆ ಅವಳು ಮುಖ ಪಕ್ಕಕ್ಕೆ ಹೊರಳಿಸಿದಳು. ಕೋಟಿಗೆ ಕಲೆಯಾದರೆ ಇನ್ನೊಂದು ಏಟು ಬೀಳುತ್ತಿತ್ತು.

1976ರ ಜೂನ್ ತಿಂಗಳು. ಲಾಸ್ ಏಂಜಲೀಸ್ ಪೇಟೆ ನಡುವಿನ ಹಳೆಯ ಕಟ್ಟಡದ ನಾಲ್ಕನೆಯ ಅಂತಸ್ತಿನಲ್ಲಿ ಒಂಬತ್ತು ಹೆಂಗಸರು ಹೊಲಿಗೆ ಯಂತ್ರಗಳ ಮುಂದೆ ಕೂತಿದ್ದರು. ಎಂಟು ಮಂದಿ ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದ ಮೆಕ್ಸಿಕೊದವರು. ಒಂಬತ್ತನೆಯವಳು ಗುಳೇದಗುಡ್ಡದ ಶಂಕ್ರವ್ವ. ಅಮೆರಿಕಕ್ಕೆ ಇನ್ನೂರು ವರ್ಷ ತುಂಬಿತೆಂದು ಜುಲೈ ನಾಲ್ಕಕ್ಕೆ ಸ್ಯಾನ್ ಡಿಯಾಗೋದಲ್ಲಿ ಮೆರವಣಿಗೆಯಿತ್ತು. ನಾನೂರು ಗಂಡಸರು ಹಳೆಯ ಕಾಲದ ಸಿಪಾಯಿಗಳ ವೇಷದಲ್ಲಿ ನಡೆಯುವವರಿದ್ದರು. ಅವರ ಕೋಟುಗಳನ್ನು ಈ ಹೆಂಗಸರು ಹೊಲಿಯುತ್ತಿದ್ದರು.

ಮೂರು ವರ್ಷದ ಹಿಂದೆ ಸ್ಯಾನ್ ಡಿಯಾಗೋದ ಮೀರಾ ಮೆಸಾ ಬಡಾವಣೆಯ ಇಂಜಿನಿಯರ್ ನೀಲಕಂಠಪ್ಪ, ಹೆಂಡತಿ ಜಯದೇವಿಯ ಬಾಣಂತನಕ್ಕೆಂದು ಶಂಕ್ರವ್ವನನ್ನು ಕರೆತಂದಿದ್ದ. ವಿಮಾನ ಇಳಿದ ದಿನವೇ ಅವಳ ಪಾಸ್‌ಪೋರ್ಟು ಅವನ ಕಪಾಟು ಸೇರಿತು. ಕೂಸು ನರ್ಸರಿಗೆ ಹೋಗತೊಡಗಿದ ಮೇಲೆ, ಇನ್ನು ಬೇಡವಾದ ತೊಟ್ಟಿಲಿನ ಹಾಗೆ ಅವಳನ್ನು ಷಡ್ಡಕ ಅಪ್ಪಾಸಾಹೇಬನ ಈ ಕಾರಖಾನೆಗೆ ತಂದು ಬಿಟ್ಟುಹೋದ. ಅವಳು ಬಟ್ಟೆಯ ಥಾನುಗಳ ನಡುವೆಯೇ ಮಲಗುತ್ತಿದ್ದಳು.

ಮೆರವಣಿಗೆಯ ಸಮಿತಿಯವರು ಹಳೆಯ ಠರಾವೊಂದರ ಪ್ರತಿ ಕೊಟ್ಟಿದ್ದರು. ಎಲ್ಲವೂ ಅದರಲ್ಲಿದ್ದಂತೆಯೇ ಇರಬೇಕು. ಅಪ್ಪಾಸಾಹೇಬ ಅದನ್ನು ಗೋಡೆಗೆ ಹಚ್ಚಿದ್ದ. ಅದೇನೆಂದು ಶಂಕ್ರವ್ವ ಕೇಳಿದಾಗ ಹೇಳಿದ:

"ಮ್ಯಾಸಚೂಸೆಟ್ಸ್ ಸೀಮಿ ಜನ ಇಂಗ್ಲೆಂಡಿನ ರಾಜಾನ ಮ್ಯಾಲೆ ತಿರುಗಿ ಬಿದ್ದಿದ್ರು. ತಮ್ಮದ ಒಂದು ಸಭಾ ಮಾಡಿದ್ರು. ದಂಡಿಗೆ ಹದಿಮೂರು ಸಾವಿರ ಕೋಟು ಬೇಕಂತ ಠರಾವು ಪಾಸ್ ಮಾಡಿ ಊರೂರಿಗೂ ಇಷ್ಟಿಷ್ಟು ಅಂತ ಹಂಚಿದ್ರು. ನಮ್ಮ ನಾಡಿನ್ಯಾಗ ನೇದ ಬಟ್ಟೀಗೆ ಮೊದಲ ಮಾನ ಅಂದ್ರು."

"ಮತ್ತ ಕೋಟಿನ ಒಳಗ ಹೊಲಿಯೋ ಈ ಚೀಟಿ ಯಾತಕ್ಕರಿ?" ಎಂದಳು ಶಂಕ್ರವ್ವ.

"ಕೋಟು ಯಾವ ಊರಿಂದು, ಹೊಲದವರ್ಯಾರು, ಬಟ್ಟಿ ನೇದವರ್ಯಾರು, ಬರದು ಒಳಗ ಹೊಲೀಬೇಕಂತ ಠರಾವಿನ್ಯಾಗ ಐತಿ."

ಶಂಕ್ರವ್ವನ ಕೈ ನಿಂತಿತು. ಅವಳು ಇಪ್ಪತ್ತು ವರ್ಷ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಖಣ ನೇಯ್ದವಳು. ಆ ಖಣ ತೊಟ್ಟವರು ಯಾರೂ ಅವಳ ಹೆಸರು ಕೇಳಿರಲಿಲ್ಲ.

"ನೇದವರ ಹೆಸರು ಸೈತ ಕೇಳಿದ್ರೇನ್ರಿ?"

"ಕೇಳಿದ್ರು. ನಿನ್ನ ಹೆಸರು ಯಾವ ಬೋಸುಡಿಮಗ ಕೇಳ್ಯಾನು? ಹೊಲಿ!"

ಅವನು ಚೀಟಿಗಳ ಡಬ್ಬಿ ಮೇಜಿನ ಮೇಲೆ ಸುರಿದ. ಹೆಲೆನ್ ಪೀಬಡಿ, ರೂತ್ ಗುಡ್‌ವಿನ್ ಎಂದು ಇಲ್ಲದ ಬಿಳಿ ಹೆಂಗಸರ ಹೆಸರುಗಳು ಎಲ್ಲದರ ಮೇಲೂ ಅಚ್ಚಾಗಿ ಬಂದಿದ್ದವು. ಬಟ್ಟೆ ತೈವಾನಿನದು. ಅಂಚಿನ ಮುದ್ರೆಯನ್ನು ಕತ್ತರಿಸಿ ಒಲೆಗೆ ಹಾಕುವ ಕೆಲಸ ಮೆಕ್ಸಿಕೊದವರಲ್ಲೊಬ್ಬಳಾದ ಕೊನ್ಸುವೆಲೊಳದು. ಇಸ್ತ್ರಿಯ ಉಗಿಯಂತ್ರವನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಅದರ ಪೆಡಲು ಕೆಟ್ಟು ವಾರವಾಗಿತ್ತು. ಹೇಳಿದ್ದಕ್ಕೆ ಅವಳ ಕಪಾಳಕ್ಕೆ ಬಿದ್ದಿತ್ತು.

ಸಮಿತಿಯ ಮುಖ್ಯಸ್ಥೆ ಮಿಸೆಸ್ ವಿಟ್ಲಾಕ್ ಕೋಟು ನೋಡಲು ಬರುವ ದಿನ ಬೆಳಿಗ್ಗೆ ಹತ್ತು ಗಂಟೆಗೆ ಉಗಿಯಂತ್ರದ ಮೇಲಿನ ಕಾದ ಕಬ್ಬಿಣದ ಹಲಗೆ ತಾನಾಗಿ ಕೆಳಗೆ ಬಿತ್ತು. ಕೊನ್ಸುವೆಲೊಳ ಬಲಗೈ ಒಳಗಿತ್ತು.

ಶಂಕ್ರವ್ವ ಓಡಿ ಹೋಗಿ ಹಲಗೆ ಎತ್ತಿದಳು. ಚರ್ಮ ಕಬ್ಬಿಣಕ್ಕೇ ಅಂಟಿಕೊಂಡು ಬಂತು. ಕೋಣೆಯೆಲ್ಲ ಸುಟ್ಟ ಮಾಂಸದ ವಾಸನೆ.

"ದವಾಖಾನಿಗೆ ಒಯ್ಯರಿ! ಲಗೂನ!"

"ಮಡಮ್ ಈಗ ಬರತಾಳ. ಇದನ್ನ ತೋರಸಲೇನ್ ಆಕಿಗೆ?"

ಅಪ್ಪಾಸಾಹೇಬ ಕೊನ್ಸುವೆಲೊಳ ಬಾಯಿಗೆ ಕೋಟಿನ ಅಸ್ತರು ತುರುಕಿ, ಪಾಯಖಾನೆಗೆ ದೂಡಿ, ಹೊರಗಿನಿಂದ ಚಿಲಕ ಹಾಕಿದ. ಯಾರಾದರೂ ಎದ್ದರೆ ವಲಸೆ ಪೊಲೀಸರಿಗೆ ಫೋನ್ ಮಾಡುತ್ತೇನೆಂದು ಸನ್ನೆ ಮಾಡಿದ. ಯಂತ್ರಗಳು ಮತ್ತೆ ಶುರುವಾದವು.

ಮಿಸೆಸ್ ವಿಟ್ಲಾಕ್‌ಳನ್ನು ನೀಲಕಂಠಪ್ಪನೇ ಕರೆತಂದ. ಈ ಕೆಲಸ ಷಡ್ಡಕನಿಗೆ ಕೊಡಿಸಿದ್ದೂ ಅವನೇ. ಅವಳು ಕೋಟೊಂದನ್ನು ತಿರುವಿ ಚೀಟಿ ಓದಿದಳು. ಕಣ್ಣಲ್ಲಿ ನೀರು ಬಂತು.

"ಹೆಲೆನ್ ಪೀಬಡಿ! ಎಂಥ ಚಂದದ ಹೊಲಿಗೆ! ಆಕೆ ಇಲ್ಲಿದ್ದಾರೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಇವತ್ತು ರಜೆ ಮೇಡಂ," ಎಂದ ಅಪ್ಪಾಸಾಹೇಬ.

ಪಾಯಖಾನೆಯ ಬಾಗಿಲು ಒಳಗಿನಿಂದ ದಡದಡ ಬಡಿದುಕೊಂಡಿತು. ಮಿಸೆಸ್ ವಿಟ್ಲಾಕ್ ಬೆಚ್ಚಿದಳು. "ಹಳೇ ಪೈಪು," ಎಂದು ಅವನು ನಕ್ಕ.

ಶಂಕ್ರವ್ವ ಕತ್ತರಿ ಹಿಡಿದೇ ಎದ್ದು ನಿಂತಳು. "ಅದನ್ನ ಹೊಲದಾಕಿ ನಾನು."

ನೀಲಕಂಠಪ್ಪ ನಗುಮುಖದಲ್ಲೇ, ದನಿ ತಗ್ಗಿಸಿ ಅಂದ: "ಕುಂದರು ಶಂಕ್ರವ್ವ. ನಿನ್ನ ಪಾಸ್‌ಪೋರ್ಟು ನನ್ನ ಕಡೆ ಐತಿ."

"ಅದನ್ನ ನಿನ್ನ ಮುಕಳ್ಯಾಗ ಇಟ್ಕೋ."

ಅವಳು ಪಾಯಖಾನೆಯ ಬಾಗಿಲ ಕಡೆ ನಡೆದಳು. ಅಪ್ಪಾಸಾಹೇಬ ತುರುಬು ಹಿಡಿದೆಳೆದು ಅವಳ ತಲೆಯನ್ನು ಕಂಬಕ್ಕೆ ಜಪ್ಪಿದ. ಒಮ್ಮೆ, ಇನ್ನೊಮ್ಮೆ. ಮೂರನೆಯ ಸಲ ಎಳೆಯುವಷ್ಟರಲ್ಲಿ ಅವಳ ಕೈಯಲ್ಲಿದ್ದ ಕತ್ತರಿ ಅವನ ತೊಡೆಯೊಳಗೆ ಇಳಿದಿತ್ತು. ಅವನು ಹಂದಿಯ ಹಾಗೆ ಅರಚುತ್ತ ಕುಸಿದ. ಕತ್ತರಿ ಕಿತ್ತುಕೊಂಡು ಅವಳು ಚಿಲಕ ತೆಗೆದಳು.

ಕೊನ್ಸುವೆಲೊ ಹೊರಗೆ ಬಿದ್ದಳು. ಬೆರಳುಗಳು ಒಂದಕ್ಕೊಂದು ಕೂಡಿಕೊಂಡಿದ್ದವು.

ಮಿಸೆಸ್ ವಿಟ್ಲಾಕ್ ಬಾಯಿ ಮುಚ್ಚಿಕೊಂಡು ಲಿಫ್ಟಿನ ತನಕ ಹಿಂದೆ ಹಿಂದೆ ಸರಿದಳು. ಬಾಗಿಲು ಮುಚ್ಚುವ ಮುನ್ನ ನೀಲಕಂಠಪ್ಪನನ್ನು ಕೇಳಿದಳು: "ನಾಲ್ಕನೇ ತಾರೀಖಿಗೆ ಕೋಟು ಸಿಗುತ್ತವಲ್ಲ?"

ಇಬ್ಬರು ಹೆಂಗಸರು ಕೊನ್ಸುವೆಲೊಳನ್ನು ಎತ್ತಿಕೊಂಡು ಮೆಟ್ಟಿಲಿಳಿದರು. ನೀಲಕಂಠಪ್ಪ ಫೋನು ಎತ್ತಿದ್ದ. ವಲಸೆ ಪೊಲೀಸರಿಗೆ ವಿಳಾಸ ಹೇಳಿ, ಎಷ್ಟು ಜನರೆಂದೂ ಹೇಳಿದ.

"ಇಪ್ಪತ್ತು ಮಿನಿಟಿನ್ಯಾಗ ಬರತಾರ. ನಿನ್ನನ್ನೂ ಹಿಡದ ಕೊಡತೀನಿ ಸೂಳೆ," ಎಂದ.

ಉಳಿದ ಹೆಂಗಸರು ಚೀಲ ಹೆಗಲಿಗೇರಿಸಿ ಮೆಟ್ಟಿಲ ಕಡೆ ಓಡಿದರು. ಶಂಕ್ರವ್ವ ಹೋಗಲಿಲ್ಲ. ಕೆನ್ನೆಯ ಮೇಲೆ ಇಳಿಯುತ್ತಿದ್ದ ರಕ್ತವನ್ನು ಒರೆಸಿಕೊಳ್ಳದೆ, ಸಾಲಾಗಿ ತೂಗಿದ್ದ ಕೋಟುಗಳಲ್ಲಿ ಮೊದಲನೆಯದರ ಬಲತೋಳನ್ನು ಹೆಗಲಿನಲ್ಲೇ ಕತ್ತರಿಸಿದಳು. ಆಮೇಲೆ ಎರಡನೆಯದು. ಮೂರನೆಯದು.

ಎಲ್ಲರಿಗಿಂತ ಹಿರಿಯಳಾದ ಒಫೇಲಿಯಾ ಮೆಟ್ಟಿಲ ಹತ್ತಿರ ನಿಂತು ನೋಡಿದಳು. ಚೀಲ ಕೆಳಗಿಟ್ಟಳು. ವಾಪಸು ಬಂದು ತನ್ನ ಮೇಜಿನ ಕತ್ತರಿ ತೆಗೆದುಕೊಂಡಳು. ಅವಳ ಹಿಂದೆ ಇನ್ನೂ ಮೂವರು ಬಂದರು. ನೀಲಿ ತೋಳುಗಳು ನೆಲದ ಮೇಲೆ ಮೊಣಕಾಲೆತ್ತರಕ್ಕೆ ಬಿದ್ದವು. ಅಪ್ಪಾಸಾಹೇಬ ಅವುಗಳ ಪಕ್ಕದಲ್ಲಿ ತೊಡೆ ಹಿಡಿದುಕೊಂಡು ಅಳುತ್ತಿದ್ದ.

"ಬಿಡ್ರಲೇ! ನನ್ನ ಮಾನ ಹೋಗತದ!" ನೀಲಕಂಠಪ್ಪ ಉಳಿದ ಕೋಟುಗಳನ್ನು ಬಾಚಿ ಎದೆಗೆ ಅವುಚಿಕೊಂಡು ಗೋಡೆಗೆ ಒರಗಿದ.

ಲಿಫ್ಟು ಕಿರುಗುಡುತ್ತ ಮೇಲೆ ಬರತೊಡಗಿತು. ಶಂಕ್ರವ್ವ ತಿರುಗಿ ನೋಡಲಿಲ್ಲ. ಅವನ ಎದುರು ನಿಂತು, ಕೈಗೆ ಸಿಕ್ಕ ಕೋಟಿನ ತೋಳನ್ನು ಹಿಡಿದು, ಕತ್ತರಿಯ ಬಾಯಿ ತೆರೆದಳು.