ರೊಕ್ಕ ಹಾಕಿದವನ ಸುದ್ದಿ

ಜಿಲಾನಸಾಬರು ಹಲ್ಲುಜ್ಜುತ್ತಿರುವಾಗಲೇ ಫೋನು ಬಂತು. ಗಂಗಾವತಿಯ ಅಕ್ಕಿ ಗಿರಣಿಯ ಲಕ್ಷ್ಮಣಪ್ಪ, ಮೂವತ್ತು ವರ್ಷಗಳ ಹಳೆಯ ಗೆಳೆಯ.

"ಸಾಬ್ರ, ನಮ್ಮ ಗಿರಣಿ ಬೂದಿ ಮಂದಿ ಮನಿಯಾಗ ಬೀಳತೈತಿ ಅಂತ ನಿಮ್ಮ ಚಾನಲ್‌ನ್ಯಾಗ ಹಾಕ್ಯಾರ. ಮಧ್ಯಾಹ್ನದೊಳಗ ತೆಗಸ್ರಿ."

"ಅದು ನನ್ನ ಚಾನಲ್ ಅಲ್ರಿ. ನಾ ಬರೇ ರೊಕ್ಕ ಹಾಕೀನಿ."

"ಮತ್ತ? ನಿಮ್ಮದ ಆತಲ್ರಿ!"

ಬಾಯಲ್ಲಿದ್ದ ನೊರೆ ಉಗುಳಿ, ರೊಕ್ಕ ಹಾಕುವುದು ಬೇರೆ, ಸುದ್ದಿ ಮಾಡುವುದು ಬೇರೆ ಎಂದು ಆ ವಾರದಲ್ಲಿ ಏಳನೇ ಬಾರಿ ಬಿಡಿಸಿ ಹೇಳಿದರು. ಲಕ್ಷ್ಮಣಪ್ಪ ಪೂರ್ತಿ ಕೇಳಿಸಿಕೊಂಡು, "ಆತು ಬಿಡ್ರಿ, ನಿಮಗ ಮನಸಿಲ್ಲ" ಎಂದು ಫೋನಿಟ್ಟ.

ಜನ ನಂಬದಿರುವುದಕ್ಕೂ ಕಾರಣವಿತ್ತು. ಮದುವೆ ಮನೆಗಳಿಗೆ ಟಿವಿ, ವಿಸಿಆರ್ ಬಾಡಿಗೆಗೆ ಕೊಡುತ್ತ ಶುರು ಮಾಡಿದ ಮನುಷ್ಯ ಅವರು. ಮುಂದೆ ಮಾಳಿಗೆಯ ಮೇಲೆ ಡಿಶ್ ನಿಲ್ಲಿಸಿ, ತಾವೇ ಕಂಬ ಹತ್ತಿ ಗಂಗಾವತಿಗೆಲ್ಲ ಕೇಬಲ್ ಎಳೆದರು. ಕಾಲುವೆ ಕಡೆ ನೆಲೆಸಿದ ಆಂಧ್ರದವರ ಕ್ಯಾಂಪುಗಳಿಗೆ ತೆಲುಗು ಸಿನಿಮಾ, ಪೇಟೆಗೆ ಕನ್ನಡದ್ದು. ಆಮೇಲೆ ಸಂಜೆ ಅರ್ಧ ಗಂಟೆಯ ಊರ ಸುದ್ದಿ, ಅದರ ಹಿಂದೆಯೇ ಕೊಪ್ಪಳದಲ್ಲಿ ಒಂದು ದಿನಪತ್ರಿಕೆ. ಆ ಕಾಲದಲ್ಲಿ ಯಾವ ಸುದ್ದಿ ಹೋಗಬೇಕು, ಯಾವುದು ಹೋಗಬಾರದು ಎಂಬುದು ನಿಜಕ್ಕೂ ಅವರ ಕೈಯಲ್ಲೇ ಇತ್ತು. ಮನೆ ಮನೆಗೆ ತಟ್ಟೆ ಆಂಟೆನಾ ಬಂದು ಕೇಬಲ್ ಸೊರಗಿತು; ಕೈ ಕೈಗೆ ಮೊಬೈಲು ಬಂದು ಪತ್ರಿಕೆ ನಿಂತಿತು. ಇನ್ನು ತಾನು ಓಡುವುದು ಬೇಡ, ಓಡುವವರಿಗೆ ರೊಕ್ಕ ಹಾಕಿದರೆ ಸಾಕು ಎಂದು ತೀರ್ಮಾನಿಸಿದರು. ಮೊದಲು ಕುಷ್ಟಗಿಯ ಒಬ್ಬನ ಜಾಹೀರಾತು ಕಂಪನಿಗೆ ಹಾಕಿದರು. ಅವನು ಅದೇ ರೊಕ್ಕದಲ್ಲಿ ಖಾನಾವಳಿ ತೆರೆದು, ಉದ್ಘಾಟನೆಗೆ ಇವರನ್ನೇ ಕರೆದ.

ಎರಡನೆಯದು ಗಾಳೆಮ್ಮನ ಚಾನಲ್ಲು. ಬೇವೂರಿನ ಹೆಣ್ಣುಮಗಳು, ಮೊದಲು ಅವರದೇ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದವಳು. ಈಗ ಯಲಬುರ್ಗಾದಲ್ಲಿ ಗೊಬ್ಬರದಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಕೂತು ಮೊಬೈಲಿನಲ್ಲೇ ಜಿಲ್ಲೆಯ ಸುದ್ದಿ ಮಾಡುತ್ತಿದ್ದಳು. ರೊಕ್ಕ ಹಾಕಿದವರು ಸುದ್ದಿಯಲ್ಲಿ ಕೈಯಾಡಿಸುವಂತಿಲ್ಲ ಎಂದು ಮೊದಲೇ ಕರಾರಿನಲ್ಲಿ ಬರೆಸಿದ್ದಳು. ಜಿಲಾನಸಾಬರು ನಕ್ಕು ಸಹಿ ಹಾಕಿದ್ದರು.

ಆ ನಗು ಈಗ ಎಲ್ಲಿ ಹೋಯಿತೋ. ಹುಲಿಹೈದರದ ನೀರಿನ ಟ್ಯಾಂಕಿನ ಗುತ್ತಿಗೆದಾರ, ಹಾಸ್ಟೆಲಿಗೆ ಬೇಳೆ ಕೊಡುವವನು, ಸ್ವಂತ ಭಾವಮೈದುನ, ಎಲ್ಲರೂ ಇವರಿಗೇ ಫೋನು ಮಾಡುವವರು. ಅದೇ ವಾರದ ಗುರುವಾರ ಮಾತ್ರ ಗಾಳೆಮ್ಮನೇ ಫೋನು ಮಾಡಿದಳು.

"ಸರ, ನಾಳೆ ನಿಮ್ಮ ಮ್ಯಾಲೆ ಒಂದು ಸುದ್ದಿ ಐತ್ರಿ. ನಿಮ್ಮ ಮಾತೂ ಬೇಕಾಗಿತ್ತು."

"ನನ್ನ ಮ್ಯಾಲೆ? ಏನ್ ಮಾಡೀನಿ ನಾ?"

ಗಂಗಾವತಿಯ ಓಣಿಯೊಂದರಲ್ಲಿ ಜೋತುಬಿದ್ದ ಹಳೆಯ ಕೇಬಲ್ ವಾಯರು ಶಿವಲಿಂಗಮ್ಮ ಎಂಬಾಕೆಯ ಕುತ್ತಿಗೆಗೆ ಸಿಕ್ಕಿತ್ತು. ಖಾನಾವಳಿಗೆ ರೊಟ್ಟಿ ಬಡಿದು ಕೊಡುವ ಆಕೆ ಮಗಳ ಸ್ಕೂಟರಿನ ಹಿಂದೆ ಬುಟ್ಟಿ ಹಿಡಿದು ಕೂತಿದ್ದಳು. ಗದ್ದದ ಕೆಳಗೆ ಒಂಬತ್ತು ಹೊಲಿಗೆ ಬಿದ್ದಿದ್ದವು.

"ನನ್ನ ರೊಕ್ಕದಾಗ ನನ್ನ ಮ್ಯಾಲೆ ಸುದ್ದಿ!" ಜಿಲಾನಸಾಬರು ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಸಾಬರು ಅಂಗಿ ತೊಟ್ಟು, ಕಾರು ಹತ್ತಿ, ಯಲಬುರ್ಗಾದ ದಾರಿ ಹಿಡಿದರು. ಕೊಪ್ಪಳ ದಾಟುವಷ್ಟರಲ್ಲಿ ಮತ್ತೆರಡು ಫೋನು ಬಂದವು, ಎರಡೂ ಯಾವುದೋ ಸುದ್ದಿ ತೆಗೆಸಲು. ಕುಕನೂರಿನಲ್ಲಿ ಚಹಾಕ್ಕೆ ನಿಂತರೆ, ಅಂಗಡಿಯವನು ಗ್ಲಾಸು ಇಡುತ್ತ, "ಸಾಹೇಬ್ರ, ನಮ್ಮ ಗಟಾರದ್ದೊಂದು ಸುದ್ದಿ ಹಾಕಸ್ರಿ" ಎಂದ. ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಗೊಬ್ಬರದಂಗಡಿಯ ಮೆಟ್ಟಿಲು ಹತ್ತಿ ಕೋಣೆಗೆ ಬಂದಾಗ ಗಾಳೆಮ್ಮ ಎದ್ದು ನಿಂತು ಕುರ್ಚಿ ಕೊಟ್ಟಳು. ಕಪಾಟಿನ ಕಡೆ ಹೊರಳಿದವಳನ್ನು ಕಂಡು, "ಆ ಕರಾರಿನ ಕಾಗದ ತೋರಸಬ್ಯಾಡ, ಏನ್ ಬರದೈತಿ ನನಗ ಗೊತ್ತೈತಿ" ಎಂದರು.

"ನೀರು ಕೊಡಾಕ ಹೊಂಟಿದ್ನಿರಿ" ಎಂದು ಆಕೆ ತಂಬಿಗೆ ತಂದಿಟ್ಟಳು. ಮತ್ತೆ ಮೊಬೈಲು ಇವರತ್ತ ತಿರುಗಿಸಿ ವಿಡಿಯೊ ಹಚ್ಚಿದಳು.

ಕುತ್ತಿಗೆಗೆ ಬಿಳಿ ಪಟ್ಟಿ ಸುತ್ತಿಕೊಂಡ ಶಿವಲಿಂಗಮ್ಮ ಬೇವಿನ ಗಿಡದ ಕೆಳಗೆ ನಿಂತಿದ್ದಳು. "ಜಿಲಾನಸಾಬ್ರು ಕಟ್ಟಿದ ವಾಯರ್ರಿ ಇದು. ಆಗ ಇದರಾಗ ಪಿಕ್ಚರ್ ನೋಡಿ ನಕ್ಕೀವಿ, ಅತ್ತೀವಿ. ಈಗ ಇದು ಸತ್ತೈತಿ. ಸತ್ತದ್ದನ್ನ ಯಾಕ ಇಳಸಂಗಿಲ್ಲ ಅವ್ರು?"

ಆ ಗಿಡ ಜಿಲಾನಸಾಬರಿಗೆ ಗೊತ್ತಿತ್ತು. ಮೊದಲ ವರ್ಷ ಕಂಬ ಸಿಗದೆ ತಾವೇ ಹತ್ತಿ ಗಂಟು ಹಾಕಿದ ಗಿಡ. ಸಿಟ್ಟು ಇಳಿಯಲಿಲ್ಲ, ಯಾರ ಮೇಲೆ ಇಡಬೇಕೆಂಬುದು ಮಾತ್ರ ತಿಳಿಯದಾಯಿತು.

ಗಾಳೆಮ್ಮ ಕ್ಯಾಮೆರಾ ಹಿಡಿದಳು. ಅವರು ಗಂಟಲು ಸರಿಮಾಡಿಕೊಂಡು, ಊರಿನಲ್ಲಿ ಇನ್ನೂ ಮೂರು ಕಂಪನಿಯವರ ವಾಯರುಗಳಿವೆ, ಇಂಟರ್‌ನೆಟ್ಟಿನವರದ್ದೂ ಇವೆ ಎಂದು ಶುರು ಮಾಡಿದರು.

"ಇದು ನಿಮ್ಮದೋ ಅಲ್ಲೋ ಅಷ್ಟ ಹೇಳ್ರಿ, ಸರ."

"ಹೇಳಾಕ ಬಿಡು ಮೊದಲ..."

"ನಿಮ್ಮದೋ ಅಲ್ಲೋ?"

"ನಂದ ಐತವ್ವಾ, ನಂದು!" ಅವರು ಮೇಜು ಗುದ್ದಿದರು. "ನಾನ ಕಟ್ಟೀನಿ. ನಾನ ಬಿಚ್ಚತೀನಿ. ಆತಿಲ್ಲ?"

ಆ ಹತ್ತು ಸೆಕೆಂಡುಗಳನ್ನು ಎರಡು ದಿನದಲ್ಲಿ ಜಿಲ್ಲೆಗೆ ಜಿಲ್ಲೆಯೇ ನೋಡಿತು. ನಲವತ್ತು ವರ್ಷದಲ್ಲಿ ಅವರ ಯಾವ ಕಾರ್ಯಕ್ರಮವನ್ನೂ ಜನ ಇಷ್ಟು ನೋಡಿರಲಿಲ್ಲ. ಬಸ್ ನಿಲ್ದಾಣದಲ್ಲಿ ಕಾಲೇಜು ಹುಡುಗಿಯರು "ಆತಿಲ್ಲ?" ಎಂದು ಮೇಜು ಗುದ್ದುವಂತೆ ಮಾಡಿ ನಕ್ಕರು. ಜಿಲಾನಸಾಬರು ಮುಖ ಗಂಟಿಕ್ಕಿಕೊಂಡೇ ಹಳೆಯ ಲೈನ್‌ಮನ್‌ಗಳಿಬ್ಬರನ್ನು ಕರೆಸಿದರು.

ಊರಿನ ಹಳೆಯ ವಾಯರು ಇಳಿಸುವ ಕೆಲಸ ಐದು ದಿನ ಹಿಡಿಯಿತು. ಪ್ರತಿ ಮನೆಯಿಂದಲೂ ಒಬ್ಬರು ಹೊರಬಂದು ಅಪ್ಪಣೆ ಕೊಡುವವರೇ. ಆ ಕಡೆಯದು ಬಿಟ್ಟಿದ್ದೀರಿ, ಈ ಮೊಳೆ ಕೀಳಿರಿ, ಗೋಡೆಗೆ ಸುಣ್ಣ ಯಾರು ಬಳಿಯಬೇಕು. ಎಲ್ಲರ ಕೈಯಲ್ಲೂ ಮೊಬೈಲು. ಎರಡು ಟ್ರ್ಯಾಕ್ಟರ್ ವಾಯರು ಇಳಿಯಿತು.

ಬೇವಿನ ಗಿಡಕ್ಕೆ ಬಂದಾಗ ಐದನೇ ದಿನದ ಸಂಜೆ. ಶಿವಲಿಂಗಮ್ಮ ಗಿಡದ ಎದುರಿನ ತನ್ನ ಮನೆಯ ಬಾಗಿಲಲ್ಲೇ ಕೂತಿದ್ದಳು. ಆಸ್ಪತ್ರೆಯ ಖರ್ಚು ತಾನು ಕೊಡುತ್ತೇನೆ, ರೊಟ್ಟಿ ನಿಂತ ದಿನಗಳದ್ದೂ ಕೊಡುತ್ತೇನೆ ಎಂದರು ಜಿಲಾನಸಾಬರು.

"ಕೊಡಾಕ ಬೇಕ್ರಿ" ಎಂದಳು ಆಕೆ. "ಮೊದಲ ಇದನ್ನ ಇಳಸ್ರಿ."

ಏಣಿಗೆ ಲೈನ್‌ಮನ್ ಕಾಲಿಟ್ಟಿದ್ದ. ಜಿಲಾನಸಾಬರು ಅವನನ್ನು ಸರಿಸಿ ತಾವೇ ಹತ್ತಿದರು. ಗಂಟು ತೊಗಟೆಯೊಳಗೆ ಮುಳುಗಿತ್ತು. ಅರ್ಧ ಗಂಟೆ ಗರಗಸ ಆಡಿಸಿ, ಬೆವರಿ, ಬೈದು, ಕೊನೆಗೆ ಕತ್ತರಿಸಿದರು. ಇಳಿದು ಬಂದು ಗರಗಸ ಕೆಳಗಿಟ್ಟರು.

"ತಪ್ಪಾತು, ಶಿವಲಿಂಗವ್ವಾ" ಎಂದರು.

ಆಕೆ ತಲೆಯಾಡಿಸಿದಳು. ನೆಲದ ಮೇಲಿನ ಸುರುಳಿಯನ್ನು ಕಾಲಿನಿಂದ ಸರಿಸಿ ನೋಡಿ, "ಗಟ್ಟಿ ಐತಿ. ಹಿತ್ತಲದಾಗ ಅರಿವಿ ಒಣ ಹಾಕಾಕ ಹತ್ತು ಮೊಳ ಕೊಟ್ಟು ಹೋಗ್ರಿ" ಎಂದಳು.

"ಇದ ವಾಯರ್ ಬೇಕೇನ್ ನಿನಗ?"

"ಮತ್ತ? ಸುಮ್ನ ಗುಜರಿಗೆ ಹಾಕತೀರೇನು?"

ಜಿಲಾನಸಾಬರು ನಿಟ್ಟುಸಿರು ಬಿಟ್ಟು, ಹತ್ತು ಮೊಳ ಅಳೆದು, ಕತ್ತರಿಸಿ, ಹಿತ್ತಲಿಗೆ ನಡೆದರು.

"ತಲಿಗೆ ಬಡಿಬಾರದು ನೋಡ್ರಿ, ಮ್ಯಾಲೆ ಕಟ್ರಿ" ಎಂದು ಆಕೆ ಹಿಂದಿನಿಂದ ಕೂಗಿದಳು. "ಇನ್ನಷ್ಟು ಮ್ಯಾಲೆ."