ಹಡಗಿನ ನೆತ್ತಿ ಮೇಲಿನ ಮಂಜುಗಡ್ಡೆ

ಹಡಗಿನ ಕೆಲಸ ಕೊಡಿಸುವ ಏಜೆಂಟನ ಫೋನ್ ಬಂದಾಗ ಕುರುಮಯ್ಯ ಮಕ್ತಲ್ ಕಡೆಯ ಕೃಷ್ಣಾ ದಂಡೆಯಲ್ಲಿ ಹರಿಗೋಲಿನ ತಳಕ್ಕೆ ಡಾಂಬರು ಬಳಿಯುತ್ತಿದ್ದ. ಮಗಳು ನವನೀತಾ ಹಡಗಿನ ಡೆಕ್ ಕೆಲಸ ಕಲಿತು ಒಂದು ವರ್ಷದಿಂದ ಮನೆಯಲ್ಲೇ ಕಾಯುತ್ತಿದ್ದಳು. ಕೊನೆಗೂ ಉತ್ತರ ಧ್ರುವದತ್ತ ಹೋಗುವ ಹಡಗೊಂದರಲ್ಲಿ ಕೆಲಸ! ನಾಳೆಯೇ ಸಹಿ ಹಾಕಿ ಕಳಿಸಬೇಕಂತೆ. ಖುಷಿಯಲ್ಲಿ ಕುರುಮಯ್ಯ ಡಾಂಬರಿನ ಕೈಯಲ್ಲೇ ಪಕ್ಕದಲ್ಲಿದ್ದ ಮಗಳ ತಲೆ ಸವರಿಬಿಟ್ಟ.

ಪಕ್ಕದ ಮನೆಯ ಚಂದ್ರಕಾಂತ್ ಹಡಗಿನ ಮೆಕ್ಯಾನಿಕ್, ರಜೆಗೆ ಬಂದಿದ್ದ. ನವನೀತಾಳ ಮೊಬೈಲಿಗೆ ಬಂದ ಒಪ್ಪಂದ ಓದಿ ಮುಖ ಸಣ್ಣ ಮಾಡಿದ.

“ಮಾಮಾ, ಮಂಜಿನ ನೀರಿಗೆ ಹೋಗೋ ಹಡಗಿಗೆ ಬ್ಯಾರೇ ಧ್ರುವದ ಸರ್ಟಿಫಿಕೇಟ್ ಬೇಕ್ರಿ. ಇದ್ರಾಗ ಅದರ ಮಾತೇ ಇಲ್ಲ.”

“ಕಬ್ಬಿಣದ ಹಡಗು, ಏನೂ ಆಗಲ್ಲ ಅಂದಾನ ಏಜೆಂಟ. ಮಂಜಿನ ಗಡ್ಡೆ ತೇಲ್ತೈತಲ್ಲೋ? ನಾವು ಹೊಳ್ಯಾಗ ತೇಲೋ ಅಂತರಗಂಗಿ ಕಳೆನ ಹುಟ್ಟುಗೋಲಿನಿಂದ ದೂಡಲ್ಲೇನು, ಹಂಗ ದೂಡಿ ಹೋಗೋದು!”

“ಅಂತರಗಂಗಿ ಮೆತ್ತಗ ಐತಿ, ಇದು ಬಂಡೆ. ಸಾದಾ ಉಕ್ಕು ಆ ಚಳಿಗೆ ಖಡಕ್ ರೊಟ್ಟಿಯಂಗ ಪಟ್ ಅಂತ ಮುರಿಯಬಹುದು. ಅದಕ್ಕ ಅಲ್ಲಿಗೆ ಹೋಗೋ ಹಡಗಿಗೆ ಬ್ಯಾರೇ ಉಕ್ಕು, ದಪ್ಪ ತಗಡು.”

“ನನ್ನ ಮಗಳು ಗಟ್ಟಿ ಅದಾಳ.”

“ಮಗಳು ಗಟ್ಟೀನೇ ಮಾಮಾ, ನಾ ಹಡಗಿನ ಮಾತು ಆಡಾಕತ್ತೀನಿ!”

ಚಂದ್ರಕಾಂತ್ ಎದ್ದು, ಹರಿಗೋಲಿನಲ್ಲಿ ನಿಂತವನಂತೆ ಓಲಾಡುತ್ತ, ಹೊಳೆ ದಾಟುವ ಹೆಂಗಸರ ದನಿ ತೆಗೆದ: “ಏ ಯಕ್ಕಾ, ಏಳು ಏಳು, ಆಚೆ ಗದ್ವಾಲ ದಂಡಿ ಕಾಣ್ತೈತಿ!”

ಕುರುಮಯ್ಯನ ಗಂಟಲು ತಾನೇ ತೆರೆಯಿತು: “ಏಯ್, ಕೂಡ್ರೀ! ಮಗಚತೈತಿ!” ಮೂವತ್ತು ವರ್ಷ ನಡುಹೊಳೆಯಲ್ಲಿ ಕೂಗಿದ ಕೂಗು ಅದು.

“ಅಲ್ಲೂ ಅಷ್ಟೇ ಮಾಮಾ. ಸಿಡಿದ ನೀರು ಡೆಕ್ ಮ್ಯಾಲ, ಕಂಬದ ಮ್ಯಾಲ ಗಡ್ಡೆ ಕಟ್ತೈತಿ. ತೂಕೆಲ್ಲ ಹಡಗಿನ ನೆತ್ತಿಗೆ ಬಂದು ಹಡಗೇ ಮಗಚಬಹುದು. ಕೂಡ್ರು ಅಂದ್ರ ಆ ಗಡ್ಡೆ ಕೂಡ್ರಂಗಿಲ್ಲ. ಒಡೆದು ಕಡಲಿಗೆ ಹಾಕಬೇಕು, ಹ್ಯಾಂಗ ಅಂತ ಕಲಿಸಿರಬೇಕು. ಮುಚ್ಚಿದ ಜೀವರಕ್ಷಕ ದೋಣಿ ಇರಬೇಕು, ಮೈ ಬೆಚ್ಚಗಿಡೋ ಉಡುಪು ಇರಬೇಕು. ಏಜೆಂಟಗೂ ಸರ್ಕಾರದ ಲೈಸೆನ್ಸ್ ಇರಬೇಕು.”

ಕುರುಮಯ್ಯ ಮಗಳ ಕೂದಲಿಗಂಟಿದ ಡಾಂಬರನ್ನೇ ನೋಡಿದ. ಆಮೇಲೆ ಏಜೆಂಟನಿಗೆ ಫೋನ್ ಹಚ್ಚಿದ.

“ಸಾಹೇಬ್ರ, ಆ ಹಡಗಿನ ಧ್ರುವದ ಸರ್ಟಿಫಿಕೇಟ್ ಕಳಿಸ್ರಿ. ನಿಮ್ಮ ಲೈಸೆನ್ಸ್ ನಂಬರೂ ಕಳಿಸ್ರಿ.”

ಆ ಕಡೆ ಬರೀ ಕೆಮ್ಮು. ಆಮೇಲೆ, “ಬರೋದಿದ್ರ ಬರ್ರಿ, ಇನ್ನೂ ಹತ್ತು ಮಂದಿ ಅದಾರ!” ಲೈನ್ ಕಟ್.

ನವನೀತಾಳ ಕಣ್ಣು ತುಂಬಿತು. “ಮತ್ತ ಕಾಯಬೇಕೇನಪ್ಪಾ?”

“ಹೊಳಿ ಏರಿದ ದಿನ ಮಂದಿ ಎಷ್ಟು ಬೈದ್ರೂ ನಾ ಹರಿಗೋಲು ನೀರಿಗೆ ಬಿಟ್ಟಿಲ್ಲವ್ವ. ನಿನ್ನ ಆ ಹಡಗಿಗೆ ಬಿಡ್ತೀನೇನು?”

ನವನೀತಾ ಮೂಗೊರೆಸಿಕೊಂಡು ಒಪ್ಪಂದವನ್ನು ಮೊಬೈಲಿನಿಂದ ಅಳಿಸಿದಳು.

ಅಕ್ಕ, ಅಣ್ಣ, ನಿಮ್ಮ ಮನೆಯವರೂ ಮಂಜಿನ ಕಡಲಿಗೆ ಹೊರಟರೆ ಸಹಿಗೆ ಮುಂಚೆ ಹಡಗಿನ ಧ್ರುವ ಸರ್ಟಿಫಿಕೇಟ್ ಕೇಳಿ. ಚಳಿನೀರಿನ ತರಬೇತಿ, ಉಡುಪು, ಮುಚ್ಚಿದ ದೋಣಿ ಇವೆಯೇ ಎಂದು ವಿಚಾರಿಸಿ. ಏಜೆಂಟನ ಲೈಸೆನ್ಸನ್ನು ನೌಕಾಯಾನ ಮಹಾನಿರ್ದೇಶನಾಲಯದ (ಡಿ.ಜಿ. ಶಿಪ್ಪಿಂಗ್) ಜಾಲತಾಣದಲ್ಲಿ ನೀವೇ ನೋಡಿ. ಕೇಳಿದ್ದಕ್ಕೆ ಕೆಮ್ಮುವವರ ಕೈಗೆ ಮಕ್ಕಳನ್ನು ಕೊಡಬೇಡಿ.